ಕಣ್ಣು ಬೇಡದ ಇದ್ದಿಲು

ಮೂವತ್ತು ವರ್ಷ ಅಚ್ಚೊತ್ತಿದ ಬಿಲ್ಲೆ ಇದ್ದಿಲನ್ನು ಬೈಯುತ್ತ ಬಂದ ಮನುಷ್ಯ ಅದೇ ಬಾಯಲ್ಲಿ, "ಇನ್ನು ಮೇಲೆ ಬಿಲ್ಲೆನೇ ತರಿಸಿ" ಅಂದಾಗ ಅಂಗಡಿಯ ಮಾಲೀಕ ಮೊದಲು ನಕ್ಕ. ಆಮೇಲೆ, ಜ್ವರಗಿರ ಬಂದಿದೆಯಾ ಎಂದು ಕೇಳಿದ.

"ಜ್ವರ ಏನಿಲ್ಲ. ವಯಸ್ಸಾಯ್ತು. ದಿನಾ ತುಂಡು ಇದ್ದಿಲು ಆರಿಸಿ, ಒಡೆದು, ಗಾಳಿ ಬೀಸಿ ಸಾಕಾಗಿದೆ."

"ಅಲ್ಲ ಕೆಂಡಣ್ಣ, 'ಹಲ್ಲಿಲ್ಲದೋನಿಗೆ ಗಂಜಿ, ಕೈಲಾಗದೋನಿಗೆ ಬಿಲ್ಲೆ' ಅಂತಿದ್ದೋರು ನೀವೇ ತಾನೆ?"

"ಅಂತಿದ್ದೆ. ಈಗ ಹಲ್ಲು ಬಿದ್ದಿದೆ ಅಂದ್ಕೊಳ್ಳಿ."

ಕೆಂಡಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಒಲೆಯ ಮುಂದೆ ನಿಂತು ನಿಂತು ಅಂಟಿಕೊಂಡದ್ದು. ಕೆಂಡದ ಮೇಲೆ ಸುಟ್ಟ ಕೋಳಿ, ಮೀನು, ಹೊಗೆಯಲ್ಲಿ ಬೇಯಿಸಿದ ಮಾಂಸ ಮಾರುವ ಅಂಗಡಿ ಅದು. ಬೀದಿಗೆ ಮುಖ ಮಾಡಿ ಉದ್ದನೆಯ ಕಬ್ಬಿಣದ ಒಲೆ, ಅದರ ಮೇಲೆ ಜಾಲರಿ, ಹಿಂದೆ ನಾಲ್ಕಾರು ಮೇಜು, ಹಿತ್ತಲಲ್ಲಿ ಹೊಗೆ ಹಾಕುವ ಮುಚ್ಚಳದ ಡ್ರಮ್ಮು. ಅವನ ಹೆಂಡತಿಯೂ ಅಲ್ಲೇ, ಒಳಗಿನ ಕಟ್ಟೆಯ ಬಳಿ ಮಾಂಸ ಕೊಯ್ದು ಮಸಾಲೆ ಹಚ್ಚುತ್ತಿದ್ದಳು.

ಇಷ್ಟು ವರ್ಷ ಅವನು ಉರಿಸಿದ್ದು ತುಂಡು ಇದ್ದಿಲು. ಮರ ಸುಟ್ಟು ಮಾಡಿದ್ದು, ಹೇಗೆ ಒಡೆಯಿತೋ ಹಾಗೆ ಚೀಲ ಸೇರಿದ್ದು. ತೋಳಿನಷ್ಟು ದಪ್ಪದ್ದು, ಬೆರಳಿನಷ್ಟು ಸಣ್ಣದ್ದು, ಅರೆಬೆಂದು ಇನ್ನೂ ಕಟ್ಟಿಗೆಯಾಗಿಯೇ ಉಳಿದದ್ದು, ಎಲ್ಲ ಒಂದೇ ಚೀಲದಲ್ಲಿ. ಬೇಗ ಹೊತ್ತುತ್ತದೆ, ಕಾವು ಜೋರು, ಬೂದಿ ಕಡಿಮೆ. ಆದರೆ ಒಲೆಯ ಒಂದು ಮೂಲೆ ಧಗಧಗ ಎಂದರೆ ಇನ್ನೊಂದು ಮೂಲೆ ತೂಕಡಿಸುತ್ತಿರುತ್ತದೆ. ಎಲ್ಲಿ ಕೆಂಪು, ಎಲ್ಲಿ ಹಳದಿ, ಎಲ್ಲಿ ಬೂದಿ ಕಟ್ಟಿತು ಎಂದು ನೋಡುತ್ತಲೇ ಇರಬೇಕು, ಮಾಂಸವನ್ನು ಅಲ್ಲಿಂದಿಲ್ಲಿಗೆ ಸರಿಸುತ್ತಲೇ ಇರಬೇಕು. ಅದು ಕಣ್ಣಿನ ಕೆಲಸ.

ಕಣ್ಣೇ ಕೈಕೊಟ್ಟಿತ್ತು. ನೇರವಾಗಿ ಏನನ್ನು ನೋಡಿದರೂ ಅದರ ನಡುವೆ ಒಂದು ಮಬ್ಬು ಕಲೆ ಕೂರುತ್ತಿತ್ತು. ಸುತ್ತಲಿನದು ಕಾಣುತ್ತಿತ್ತು, ನೋಡಬೇಕಾದದ್ದು ಮಾಯವಾಗುತ್ತಿತ್ತು. ಎದುರಿಗಿದ್ದವರ ಮುಖ ಕಾಣಬೇಕಾದರೆ ಅವರ ಕಿವಿಯ ಆಚೆ ನೋಡಬೇಕು. "ಯಾಕಣ್ಣ, ನನ್ನ ಹಿಂದೆ ಯಾರಾದ್ರೂ ಸುಂದರಿ ನಿಂತವ್ಳಾ?" ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಕಣ್ಣಿನ ಪರದೆ ಸವೆದಿದೆ, ಆಪರೇಷನ್ ಮಾಡಿ ಫಲವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಕೇಳಿದವರು ಅವನು ಮತ್ತು ಅವನ ಹೆಂಡತಿ ಇಬ್ಬರೇ.

"ಮಾಲೀಕರಿಗೆ ಹೇಳಿಬಿಡಿ," ಎಂದಳು ಅವಳು.

"ಹೇಳಿ? ಕುರುಡನನ್ನ ಬೆಂಕಿ ಮುಂದೆ ಯಾರೇ ನಿಲ್ಲಿಸ್ತಾರೆ?"

ಹಾಗಾಗಿ ಬಿಲ್ಲೆ. ಇದ್ದಿಲ ಪುಡಿಗೆ ಗಂಜಿ ಕಲಸಿ ಅಚ್ಚಿನಲ್ಲಿ ಒತ್ತಿದ್ದು. ಎಲ್ಲಕ್ಕೂ ಒಂದೇ ಅಳತೆ. ಹೊತ್ತಿಕೊಳ್ಳಲು ಸತಾಯಿಸುತ್ತದೆ, ರಾಶಿ ಬೂದಿ ಬೀಳುತ್ತದೆ. ಆದರೆ ಒಮ್ಮೆ ಹದಕ್ಕೆ ಬಂತೆಂದರೆ ಗಂಟೆಗಟ್ಟಲೆ ಈ ತುದಿಯಿಂದ ಆ ತುದಿಗೆ ಕಾವು ಒಂದೇ ಸಮ. ಬೆಳಿಗ್ಗೆ ತಣ್ಣನೆಯ ಒಲೆಯಲ್ಲಿ ಬಿಲ್ಲೆಗಳನ್ನು ಬೆರಳಿನಿಂದ ತಡವಿ ಸಾಲು ಜೋಡಿಸುತ್ತಿದ್ದ. ಹೊಸದಾಗಿ ಹೊತ್ತಿದಾಗಿನ ಕಟು ವಾಸನೆ ಹೋಯಿತೆಂದರೆ ಕೆಂಡ ತಯಾರು. ಜಾಲರಿಯ ಮೇಲೆ ಅಂಗೈ ಹಿಡಿದು, ಎಷ್ಟು ಹೊತ್ತು ತಾಳುತ್ತದೆಂದು ಮನಸ್ಸಲ್ಲೇ ಎಣಿಸಿದರೆ ಕಾವು ಗೊತ್ತಾಗುತ್ತಿತ್ತು. ಹಿತ್ತಲ ಡ್ರಮ್ಮಿನೊಳಗೆ ಅಂಚಿನುದ್ದಕ್ಕೂ ಬಿಲ್ಲೆಗಳನ್ನು ಹಾವಿನಂತೆ ಸುತ್ತಿಸಿ, ನಡುನಡುವೆ ಕಟ್ಟಿಗೆ ಚೂರು ಇಟ್ಟು, ಬಾಲಕ್ಕೆ ಕೆಂಡ ಮುಟ್ಟಿಸಿ ಮುಚ್ಚಳ ಹಾಕುತ್ತಿದ್ದ. ಬೆಂಕಿ ತಾನೇ ತೆವಳಿಕೊಂಡು ತಲೆ ಮುಟ್ಟುವ ಹೊತ್ತಿಗೆ ಮಾಂಸಕ್ಕೆ ಹೊಗೆ ಹಿಡಿದಿರುತ್ತಿತ್ತು.

ಹಳೆಯ ಗಿರಾಕಿಯೊಬ್ಬ, ದರ್ಜಿ, ತಿನ್ನುತ್ತ ತಿನ್ನುತ್ತ ಮುಖ ಕಿವಿಚಿ, "ಮೊದಲಿನ ಘಮ ಇಲ್ಲ ಮಾರಾಯ," ಎಂದ. ಎಂದರೂ ಮೂಳೆ ಚೀಪುವುದನ್ನು ಬಿಡಲಿಲ್ಲ. ಮಿಕ್ಕವರಿಗೆ ಅದೂ ಗೊತ್ತಾಗಲಿಲ್ಲ. ಕೆಂಡಣ್ಣ ಗೆದ್ದೆ ಅಂದುಕೊಂಡ.

ಮಳೆಗಾಲ ಮುಗಿಯುವ ಹೊತ್ತಿಗೆ ಸೊಂಟ ಹಿಡಿದಿದೆ ಎಂದು ಸುಳ್ಳು ಹೇಳಿ ಅವನು ಕಣ್ಣಿನ ಆಸ್ಪತ್ರೆಗೆ ಹೋದ. ಆ ದಿನ ಒಲೆಗೆ ನಿಂತವಳು ಹೆಂಡತಿ. ದಿನಾ ನೋಡಿದ್ದಂತೆ ಸಾಲು ಜೋಡಿಸಿದಳು, ವಾಸನೆ ಹೋಗಲು ಕಾದಳು, ಅಂಗೈ ಹಿಡಿದಳು. ಒಂದು ತುಂಡೂ ಸೀಯಲಿಲ್ಲ. ಮಾರನೆಯ ದಿನ ಮಾಲೀಕ ಅವನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟ.

"ಕೆಂಡಣ್ಣ, ನಮ್ಮಪ್ಪನ ಕಾಲದಿಂದ ದುಡಿದಿದ್ದೀರಿ. ಇನ್ನು ಮನೇಲಿ ಆರಾಮಾಗಿರಿ. ಬಿಲ್ಲೆ ಬಂದ್ಮೇಲೆ ಒಲೆ ಹತ್ರ ಅಂಥಾ ಕೆಲಸ ಏನಿದೆ ಹೇಳಿ? ಅಕ್ಕನೇ ನಿಭಾಯಿಸ್ತಾರೆ. ಮಸಾಲೆ ಹಚ್ಚೋಕೆ ಇನ್ನೊಬ್ಬರನ್ನ ನೋಡ್ತೀನಿ."

ತಾನು ತೋಡಿದ ಹಳ್ಳ ಎಷ್ಟು ಆಳ ಎಂದು ಕೆಂಡಣ್ಣನಿಗೆ ಆಗ ಅರ್ಥವಾಯಿತು. ಕಣ್ಣು ಬೇಡದ ಇದ್ದಿಲಿಗೆ ಅವನೂ ಬೇಕಿರಲಿಲ್ಲ.

"ಬಿಲ್ಲೆ ಬೇಡ," ಎಂದ. "ದರ್ಜಿ ಹೇಳಿದ್ದು ಸರಿ, ರುಚಿ ಕೆಟ್ಟಿದೆ. ತುಂಡು ಇದ್ದಿಲೇ ತರಿಸಿ. ಅದನ್ನ ನನ್ನ ಬಿಟ್ಟು ಯಾರು ಉರಿಸ್ತಾರೋ ನೋಡ್ತೀನಿ."

"ನಿಮ್ಮ ಹಟಾನೇ ಹಟ. ಹಳೇ ಚೀಲ ಒಂದು ಉಳಿದಿದೆಯಲ್ಲ, ಇವತ್ತೇ ಹಚ್ಚಿ. ನೋಡೇಬಿಡೋಣ."

ಹೆಂಡತಿ ಕಟ್ಟೆಯ ಬಳಿಯಿಂದಲೇ ಬೇಡ ಎಂದು ತಲೆಯಾಡಿಸಿದಳು. ಅದು ಅವನಿಗೆ ಕಾಣಲಿಲ್ಲ.

ಸಂಜೆಯ ಜನ ಸೇರುವ ಹೊತ್ತಿಗೆ ತುಂಡು ಇದ್ದಿಲು ಚಟಪಟ ಸಿಡಿಯುತ್ತಿತ್ತು. ಮೊದಲ ಸರದಿ ಕೋಳಿ ಹೇಗೋ ಪಾರಾಯಿತು. ಹೆಂಡತಿ ಮಾಂಸದ ತಟ್ಟೆ ತರುವ ನೆಪದಲ್ಲಿ ಪಕ್ಕಕ್ಕೆ ಬಂದು, "ಬಲಗಡೆ ಜೋರಾಗಿದೆ, ಸರಿಸಿ," ಎಂದು ಉಸುರಿದಳು.

"ಗೊತ್ತು. ನೀನು ಒಳಗೆ ಹೋಗೇ."

ಕೊಬ್ಬು ತೊಟ್ಟಿಕ್ಕಿ ಬಲ ಮೂಲೆಯಲ್ಲಿ ಜ್ವಾಲೆ ಭಗ್ಗನೆ ಎದ್ದಿತು. ಅವನು ಅದನ್ನೇ ದಿಟ್ಟಿಸಿ ನೋಡುತ್ತಿದ್ದ. ದಿಟ್ಟಿಸಿದ್ದರಿಂದಲೇ ಅದು ಮಾಯವಾಗಿತ್ತು. ಇಕ್ಕಳ ಹಿಡಿದ ಕೈಯನ್ನು ನೇರ ಅದರೊಳಗೆ ಚಾಚಿದ. ಅಂಗಿಯ ತೋಳಿಗೆ ಬೆಂಕಿ ಹತ್ತಿತು. ಒದ್ದೆ ಬಟ್ಟೆಯನ್ನು ಅವನ ಕೈಗೆ ಒತ್ತಿ ಬೆಂಕಿ ಆರಿಸಿದವಳು ಅವಳೇ.

ಮಾಲೀಕ ಓಡಿಬಂದ. "ಏನ್ರೀ ಇದು, ಅಷ್ಟು ದೊಡ್ಡ ಉರಿ ಕಾಣ್ಲಿಲ್ವಾ?"

ಕೆಂಡಣ್ಣ ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, "ಅವರಿಗೆ ಕಣ್ಣು ಕಾಣಲ್ಲ," ಎಂದಳು. "ವರ್ಷದಿಂದ ಕಾಣಲ್ಲ."

ಅವಳು ಅವನ ಕೈಯಿಂದ ಇಕ್ಕಳ ಬಿಡಿಸಿಕೊಂಡಳು. ಬಿಗಿಯಾಗಿ ಹಿಡಿದಿದ್ದ, ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಮನೆಯಲ್ಲಿ ಅವಳು ಸುಟ್ಟ ಕೈಗೆ ಮುಲಾಮು ಹಚ್ಚುವಾಗ ಅವನು ಗೋಡೆಯ ಕಡೆ ಮುಖ ಮಾಡಿ ಕೇಳಿದ, "ಅಷ್ಟು ಜನರ ಮುಂದೆ ಯಾಕೆ ಹೇಳಿದೆ?"

"ಈ ಗುಟ್ಟು ನನ್ನೊಬ್ಬಳ ಹತ್ರ ಇದ್ದಷ್ಟು ದಿನ ನೀವು ಒಲೆ ಬಿಡ್ತಿರಲಿಲ್ಲ. ಕಣ್ಣಿಲ್ಲದೋರನ್ನ ಸಾಕಬಹುದು ಕಣ್ರೀ. ಕಣ್ಣೂ ಇಲ್ಲದೆ ಕೈಯೂ ಇಲ್ಲದೆ ಮಲಗಿಬಿಟ್ರೆ, ನಿಮ್ಮನ್ನ ಮನೇಲಿ ಬಿಟ್ಟು ನಾನು ಹೆಂಗೆ ಕೆಲಸಕ್ಕೆ ಹೋಗ್ಲಿ?"

ಅವನು ಕೈ ಎಳೆದುಕೊಂಡ. ಅವಳು ಮತ್ತೆ ಹಿಡಿದು ಉಳಿದ ಮುಲಾಮನ್ನೂ ಹಚ್ಚಿದಳು.

ಬೆಳಿಗ್ಗೆ ನೀರಿನ ಚೊಂಬು ಎಲ್ಲಿದೆ, ಊಟದ ಡಬ್ಬಿ ಎಲ್ಲಿದೆ ಎಂದು ಅವನ ಎಡಗೈ ಹಿಡಿದು ಮುಟ್ಟಿಸಿ ತೋರಿಸಿದಳು. ಬಾಗಿಲ ಬಳಿ ನಿಂತು ಅವಳು ಒಂದು ಮಾತು ಕೇಳಿದಳು: ಬಿಲ್ಲೆಗೆ ಮಳೆಯ ತೇವ ತಗುಲಿದ್ದರೆ ಏನು ಮಾಡಬೇಕು?

ಅವನಿಗೆ ಗೊತ್ತಿತ್ತು. ಹೇಳಲಿಲ್ಲ. ಸ್ವಲ್ಪ ಹೊತ್ತು ಕಾದು, ಅವಳು ಬಾಗಿಲೆಳೆದುಕೊಂಡು ಒಲೆ ಹಚ್ಚಲು ಹೋದಳು.