ಟಾಕೀಸಣ್ಣ ಕಾದ ಸಿನೆಮಾ

ಮೊನ್ನೆ ಮೊಮ್ಮಗಳ ಜೊತೆ ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಒಂದು ವಾಸನೆ ಬಂತು. ಕಾದ ಲೋಹ, ಸುಟ್ಟ ಕಡ್ಡಿ, ಗಂಟಲು ಕೆರೆಯುವ ಹೊಗೆ... ಅವಳು ಮೂಗು ಮುಚ್ಚಿಕೊಂಡು ಆಚೆ ಸರಿದಳು. ನಾನು ಅಲ್ಲೇ ನಿಂತೆ. ಟೂರಿಂಗ್ ಟಾಕೀಸಿನ ಯಂತ್ರದೊಳಗೆ ಬೆಳಕಿಗಾಗಿ ಕಾರ್ಬನ್ ಕಡ್ಡಿ ಉರಿಯುವಾಗ ಇದೇ ವಾಸನೆ ಬರುತ್ತಿತ್ತು. ನಮ್ಮ ನೆರೆಮನೆಯವರ ಅಂಗಿಯಿಂದಲೂ ಬರುತ್ತಿತ್ತು.

ನಾನು ಘಟ್ಟ ಇಳಿದು ಬಂಟ್ವಾಳದ ಶಾಲೆಗೆ ಟೀಚರಾಗಿ ಬಂದದ್ದು ಐವತ್ತರ ದಶಕದ ಮೊದಲ ವರ್ಷಗಳಲ್ಲಿ. ಮದುವೆಯಾದ ಹೊಸತು, ನನ್ನವರು ಅಂಚೆ ಕಚೇರಿಯಲ್ಲಿದ್ದರು. ನಮ್ಮ ಬಾಡಿಗೆ ಮನೆಯ ಗೋಡೆಗೆ ತಾಗಿಕೊಂಡಿದ್ದ ಮನೆಯವರನ್ನು ಪೇಟೆಯೆಲ್ಲ ಟಾಕೀಸಣ್ಣ ಎನ್ನುತ್ತಿತ್ತು. ಕೊಯ್ಲಾದ ಗದ್ದೆಯಲ್ಲಿ ಬೇಸಗೆಯಿಡೀ ಸಿನೆಮಾದ ಡೇರೆ ಇರುತ್ತಿತ್ತು. ಬರುತ್ತಿದ್ದುದು ಹೆಚ್ಚಾಗಿ ಹಿಂದಿ, ತಮಿಳು ಚಿತ್ರಗಳು. ನೋಡುವವರಿಗೆ ಗೊತ್ತಿದ್ದುದು ತುಳು. ಟಾಕೀಸಣ್ಣ ಪರದೆಯ ಪಕ್ಕ ನಿಂತು, ತಗಡಿನ ತುತ್ತೂರಿಯನ್ನು ಬಾಯಿಗೆ ಹಿಡಿದು, ನಡೆಯುತ್ತಿರುವುದನ್ನೆಲ್ಲ ತುಳುವಿನಲ್ಲಿ ಹೇಳುತ್ತಿದ್ದರು. ಹೆಂಗಸು ಅತ್ತರೆ ಅವರ ಸ್ವರವೂ ಒದ್ದೆಯಾಗುತ್ತಿತ್ತು. ನಾನು ತುಳು ಕಲಿತದ್ದೇ ಹಾಗೆ, ಡೇರೆಯೊಳಗೆ ಹಾಸಿದ ಮರಳಿನ ಮೇಲೆ ಕುಳಿತು, ಅವರ ಬಾಯಿಂದ.

ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಇದ್ದವಳು ಒಬ್ಬ ಅಕ್ಕ, ವಿಧವೆ. ನೇತ್ರಾವತಿಯ ದಂಡೆಯಲ್ಲಿ ಒಂದು ತುಂಡು ಗದ್ದೆಯನ್ನು ಗೇಣಿಗೆ ಮಾಡಿಕೊಂಡು ಅಲ್ಲೇ ಗುಡಿಸಲಿನಲ್ಲಿದ್ದಳು. ನಾವೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ವಾರಕ್ಕೊಮ್ಮೆ ಹರಿವೆ ಸೊಪ್ಪು, ಸೌತೆಕಾಯಿ ಹೊತ್ತು ನಮ್ಮ ಜಗಲಿಗೆ ಬಂದು ಕುಳಿತರೆ ಎಲೆಯಡಿಕೆ ಮುಗಿಯುವವರೆಗೆ ಏಳುತ್ತಿರಲಿಲ್ಲ.

ಆ ಕಾಲದಲ್ಲಿ ಗೇಣಿಯವರ ಪರವಾಗಿ ಒಬ್ಬರು ಎದ್ದುನಿಂತಿದ್ದರು. ಜನ ಅವರನ್ನು ‘ನಮ್ಮವರು’ ಎನ್ನುತ್ತಿದ್ದರು. ಇಲ್ಲಿಯೂ ಹಾಗೇ ಇರಲಿ. ಬೆಳ್ತಂಗಡಿಯ ಸಂತೆಯಲ್ಲಿ ಅಕ್ಕಿಮುಡಿಯ ಮೇಲೆ ನಿಂತು ಮಾತಾಡುತ್ತಾ ಬೆಳೆದವರು. ಚಪ್ಪಲಿಯಿಲ್ಲದೆ ಊರೂರು ನಡೆಯುತ್ತಿದ್ದರು. ಟಾಕೀಸಣ್ಣ ಮಳೆಗಾಲದಲ್ಲಿ ಕೆಲಸವಿಲ್ಲದಾಗ ಅದೇ ತಗಡಿನ ತುತ್ತೂರಿ ಹಿಡಿದು ಅವರ ಮುಂದೆ ನಡೆದರು, ಗುಡ್ಡ ಹತ್ತಿ ಇಳಿದರು. ಬಂಟ್ವಾಳದ ಸಭೆಯಲ್ಲಿ ನಮ್ಮವರ ಕೊರಳಿಗೆ ಮೊದಲ ಮಾಲೆ ಹಾಕಿದ್ದು ಅಕ್ಕ. ಅಬ್ಬಲಿಗೆಯ ಮಾಲೆ, ಅವಳೇ ಕಟ್ಟಿದ್ದು. ಅವರು ಅವಳ ಕೈ ಹಿಡಿದು ಜನರತ್ತ ತಿರುಗಿ, ಈ ಅಕ್ಕನನ್ನು ಗದ್ದೆಯಿಂದ ಎಬ್ಬಿಸಲು ಬರುವವರು ಮೊದಲು ನನ್ನನ್ನು ದಾಟಬೇಕು ಎಂದರು. ನಾನೂ ಆ ಸಭೆಯಲ್ಲಿದ್ದೆ. ನನಗೂ ಮೈ ಜುಮ್ಮೆಂದಿತ್ತು.

ಚುನಾವಣೆಯಲ್ಲಿ ಅವರು ಗೆದ್ದರು. ಕಾಲಿಗೆ ಚಪ್ಪಲಿ ಬಂತು, ಆಮೇಲೆ ಕಾರು ಬಂತು. ನದೀದಂಡೆಯ ಮಣ್ಣು ಹಂಚಿಗೆ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ಅವರ ಭಾವನ ಹೆಸರಿನಲ್ಲಿ ಹಂಚಿನ ಕಾರ್ಖಾನೆಯಾಯಿತು. ಒಂದು ಆಟಿ ತಿಂಗಳಲ್ಲಿ, ಸುರಿಯುವ ಮಳೆಯಲ್ಲಿ, ಆಳುಗಳು ಬಂದು ದಂಡೆಯ ಗುಡಿಸಲುಗಳ ಹುಲ್ಲಿನ ಮಾಡು ಕಿತ್ತರು. ಅಕ್ಕ ತಮ್ಮನಿಗೂ ಹೇಳದೆ ಬೆಳ್ತಂಗಡಿಗೆ ಹೋಗಿ ನಮ್ಮವರ ಚಾವಡಿಯಲ್ಲಿ ಕುಳಿತಳು. ಬೆಳಗ್ಗಿನಿಂದ ಸಂಜೆಯವರೆಗೆ. ಅವರು ಒಳಗೇ ಇದ್ದರು. ಹಿಂಬಾಗಿಲಿನಿಂದ ಕಾರು ಹತ್ತಿ ಹೋದರೆಂದು ಆ ಮನೆಯ ಆಳೊಬ್ಬ ಆಮೇಲೆ ಟಾಕೀಸಣ್ಣನಿಗೆ ಹೇಳಿದ.

ಒದ್ದೆಯಾಗಿ ಮರಳಿದವಳು ತಮ್ಮನ ಮನೆಯಲ್ಲಿ ಮಲಗಿದಳು, ಮತ್ತೆ ಏಳಲಿಲ್ಲ. ಶಾಲೆ ಬಿಟ್ಟು ಬಂದು ನಾನೇ ಗಂಜಿ ಕುಡಿಸುತ್ತಿದ್ದೆ. ಜ್ವರಕ್ಕಿಂತ ಹೆಚ್ಚಾಗಿ ಒಂದೇ ಯೋಚನೆ ಅವಳನ್ನು ತಿನ್ನುತ್ತಿತ್ತು. “ನಾನು ಬಂದದ್ದು ಅವರಿಗೆ ಗೊತ್ತಾಗ್ಲಿಲ್ಲವೋ ಏನೋ, ಟೀಚರೇ. ಯಾರೂ ಹೇಳ್ಲಿಲ್ಲವೋ ಏನೋ.” ಮಳೆ ಮುಗಿಯುವ ಮೊದಲೇ ಅವಳು ಮುಗಿದಳು.

ಮರುವರ್ಷದ ಬೇಸಗೆಯಲ್ಲಿ ಡೇರೆಗೆ ಒಂದು ಹಿಂದಿ ಚಿತ್ರ ಬಂತು. ಬಡವರ ಹೆಗಲೇರಿ ದೊಡ್ಡವನಾಗಿ, ಆಮೇಲೆ ಅದೇ ಹೆಗಲುಗಳನ್ನು ಮುರಿಯುವ ಒಬ್ಬ ನಾಯಕನ ಕತೆ. ಅದರಲ್ಲಿ ಒಬ್ಬ ಮುದುಕಿ ಅವನ ಬಾಗಿಲಲ್ಲಿ ಕಾಯುತ್ತಾಳೆ. ಅವನು ಕಿಟಕಿಯಿಂದ ನೋಡಿ ಪರದೆ ಎಳೆಯುತ್ತಾನೆ. ಅಷ್ಟೇ. ಎಲ್ಲೋ ದೂರದವರಿಗೆ ನಮ್ಮೂರಿನ ಸಂಗತಿ ಹೇಗೆ ತಿಳಿಯಿತೋ... ಅಲ್ಲಿಯವರೆಗೆ ಹೇಳುತ್ತಾ ಬಂದ ಟಾಕೀಸಣ್ಣನ ಸ್ವರ ನಿಂತುಹೋಯಿತು. ಡೇರೆಯೊಳಗೆ ಯಂತ್ರದ ಸದ್ದು ಮಾತ್ರ. ಆಮೇಲೆ ಕತ್ತಲಲ್ಲಿ ಯಾರೋ ನಮ್ಮವರ ಹೆಸರು ಹೇಳಿದರು. ಮೆಲ್ಲಗೆ, ಬೈಗುಳದಂತಲ್ಲ, ಗುರುತು ಹಿಡಿದಂತೆ.

ಮಾರನೆಯ ದಿನದಿಂದ ವಿಟ್ಲದಿಂದ, ಬೆಳ್ತಂಗಡಿಯಿಂದ ಜನ ಬರತೊಡಗಿದರು. ವಾರ ಕಳೆಯುವುದರೊಳಗೆ ಡೇರೆಯ ಪರವಾನಗಿ ರದ್ದಾಯಿತು. ಮಾಲಿಕರು ಗೂಟ ಕಿತ್ತು ಬೇರೆ ಜಿಲ್ಲೆಗೆ ಹೋದರು. ಮುಂದೆ ಬಂದ ಡೇರೆಗಳಲ್ಲೂ ಟಾಕೀಸಣ್ಣನಿಗೆ ಕೆಲಸವಿಲ್ಲ ಎಂದರು. ಅವರು ಬಸ್‌ಸ್ಟ್ಯಾಂಡಿನಲ್ಲಿ ಮೂಟೆ ಹೊತ್ತರು, ಬೀಡಿ ಕಟ್ಟಿದರು. ಚಹಾದಂಗಡಿಯಲ್ಲಿ ಯಾರು ಸಿಕ್ಕಿದರೂ ಆ ಸಿನೆಮಾ ಹೇಳುತ್ತಿದ್ದರು. ಮೊದಮೊದಲು ಕೇಳಿದರು. ವರ್ಷಗಳು ಕಳೆದಂತೆ ಅವರು ಬರುವುದು ಕಂಡರೆ ಜನ ಗ್ಲಾಸು ಖಾಲಿ ಮಾಡಿ ಏಳತೊಡಗಿದರು. ನಮ್ಮವರು ಮತ್ತೆ ಮತ್ತೆ ಗೆದ್ದರು.

ಅರವತ್ತರ ದಶಕದಲ್ಲಿ, ಇನ್ನೊಂದು ಚುನಾವಣೆ ಹತ್ತಿರವಾದಾಗ, ಆ ಚಿತ್ರವನ್ನು ಕನ್ನಡದಲ್ಲಿ ತೆಗೆದಿದ್ದಾರೆ, ಮೂಡುಬಿದಿರೆಗೆ ಬರುತ್ತದೆ ಎಂಬ ಸುದ್ದಿ ಬಂತು. ಟಾಕೀಸಣ್ಣ ನಮ್ಮ ಅಂಗಳಕ್ಕೆ ಓಡಿಬಂದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಎಷ್ಟೋ ಕಾಲದಿಂದ ಕಂಡಿರಲಿಲ್ಲ.

“ಇನ್ನು ನಾನು ಹೇಳುವುದು ಬೇಡ ಟೀಚರೇ. ಕನ್ನಡ ಎಲ್ಲರಿಗೂ ಗೊತ್ತುಂಟು. ಸಿನೆಮಾವೇ ಹೇಳ್ತದೆ.”

ದಂಡೆಯಿಂದ ಎದ್ದುಹೋದವರ ಮನೆಗಳಿಗೆಲ್ಲ ಅವರು ಹೋಗಿ ಕರೆದರು. ಒಂದು ಆದಿತ್ಯವಾರ ನಾವೆಲ್ಲ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದೆವು. ಟಾಕೀಸಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅಕ್ಕನ ಹೆಸರಿನಲ್ಲಿ ಮನೆಯಲ್ಲಿ ದೀಪ ಹಚ್ಚಿಟ್ಟು ಬಂದಿದ್ದೇನೆ ಎಂದರು.

ಚಿತ್ರ ಸುರುವಾಯಿತು. ಅದೇ ನಾಯಕ, ಅದೇ ಸಂತೆ, ಅದೇ ಮಾಲೆ. ಆದರೆ ಇಲ್ಲಿ ಅವನು ಒಳ್ಳೆಯವನು. ತಿನ್ನುವವರೆಲ್ಲ ಅವನ ಸುತ್ತ ಇರುವವರು. ಅವನಿಗೆ ಏನೂ ತಿಳಿಯದು. ನಡುನಡುವೆ ಹಾಡು, ಕುಣಿತ. ಯಾರ ಭಯಕ್ಕೆ ಹಾಗೆ ಬದಲಾಯಿಸಿದರೋ, ಯಾರ ಪ್ರೀತಿಗೋ, ಅಥವಾ ಜನರಿಗೆ ಹೀಗಿದ್ದರೇ ಇಷ್ಟ ಎಂದುಕೊಂಡರೋ... ಮುದುಕಿ ಬಂದು ಬಾಗಿಲಲ್ಲಿ ಕುಳಿತಳು. ನಾಯಕ ಕಿಟಕಿಯಿಂದ ನೋಡಿದ. ಪರದೆ ಎಳೆಯಲಿಲ್ಲ. ಮಳೆಯಲ್ಲಿ ಓಡಿಬಂದು ಅವಳ ಕಾಲಿಗೆ ಬಿದ್ದ. ನೀನು ಬಂದದ್ದನ್ನು ನನಗೆ ಯಾರೂ ಹೇಳಲಿಲ್ಲ ತಾಯಿ, ಎಂದು ಅತ್ತ. ಅವಳು ನಕ್ಕು ಅವನ ತಲೆ ಸವರಿದಳು.

ಸುತ್ತಲಿದ್ದವರು ಕಣ್ಣೊರಸಿಕೊಂಡರು. ನಮ್ಮ ಜೊತೆ ಬಂದಿದ್ದ, ಮಾಡು ಕೀಳಿಸಿಕೊಂಡ ಹೆಂಗಸರೂ ಅಳುತ್ತಿದ್ದರು. ಆಗ ಟಾಕೀಸಣ್ಣ ಎದ್ದು ಪರದೆಯ ಪಕ್ಕಕ್ಕೆ ಹೋಗಿ ನಿಂತರು. ಕೈಯನ್ನೇ ತುತ್ತೂರಿಯಂತೆ ಬಾಯಿಗೆ ಹಿಡಿದು ತುಳುವಿನಲ್ಲಿ ಹೇಳತೊಡಗಿದರು.

“ಅಂಚ ಅತ್ತ್...”

ಹಾಗಲ್ಲ, ಅವನು ಹೊರಗೆ ಬರಲಿಲ್ಲ, ಹಿಂಬಾಗಿಲಿನಿಂದ ಹೋದ, ಅವಳು ಸತ್ತಳು ಎಂದು ಹೇಳಿದರು. ಪರದೆಯಲ್ಲಿ ಹಾಡು ಸುರುವಾಗಿತ್ತು. ಅವರ ಸ್ವರ ಅದರಲ್ಲಿ ಮುಳುಗಿತು. ಕುಳಿತುಕೊಳ್ಳಿ ಎಂದು ಕೂಗಿದರು. ಕೊನೆಗೆ ನಾಲ್ಕೈದು ಮಂದಿ ಅವರನ್ನು ಹಿಡಿದು ಹೊರಗೆ ಬಿಟ್ಟರು. ಹೊಡೆಯಲಿಲ್ಲ. ಕುಡಿದಿದ್ದಾರೆ ಪಾಪ, ಎಂದುಕೊಂಡರು. ಮರಳುವಾಗ ಬಸ್ಸಿನಲ್ಲಿ, ದಂಡೆಯವಳೇ ಒಬ್ಬಳು ನನ್ನ ಪಕ್ಕ ಕುಳಿತು, ನಮ್ಮವರು ಒಳ್ಳೆಯವರೇ ಆಗಿದ್ದರು ಟೀಚರೇ, ಜೊತೆಯಲ್ಲಿದ್ದವರು ಹಾಳು ಮಾಡಿದ್ದು, ಎಂದಳು. ಟಾಕೀಸಣ್ಣ ಮುಂದಿನ ಸೀಟಿನಲ್ಲಿದ್ದರು. ತಿರುಗಿ ನೋಡಲಿಲ್ಲ. ಆ ಸಲ ನಮ್ಮವರು ಹಿಂದೆಂದಿಗಿಂತ ಸುಲಭವಾಗಿ ಗೆದ್ದರು.

ಟಾಕೀಸಣ್ಣ ಇನ್ನು ಆ ಊರಿನ ಮುಖ ನೋಡಲಾರರು ಎಂದುಕೊಂಡಿದ್ದೆ. ಆದರೆ ಅವರು ದಿನಾ ಮೂಡುಬಿದಿರೆಗೆ ಹೋಗುತ್ತಿದ್ದಾರೆಂದು ನನ್ನವರು ಹೇಳಿದರು. ಗಲಾಟೆ ಮಾಡುವುದಿಲ್ಲವಂತೆ, ಟಿಕೇಟು ತೆಗೆದು ಒಳಗೆ ಕೂರುತ್ತಾರಂತೆ. ಬೀಡಿ ಕಟ್ಟಿದ್ದೆಲ್ಲ ಅದಕ್ಕೇ ಹೋಗುತ್ತಿತ್ತು. ಒಂದು ಸಂಜೆ ಅವರ ಜಗಲಿಗೆ ಹೋಗಿ ಕೇಳಿದೆ, ಆ ಸುಳ್ಳನ್ನು ಯಾಕೆ ಮತ್ತೆ ಮತ್ತೆ ನೋಡುತ್ತೀರಿ ಅಂತ. ಅವರು ಕಟ್ಟುತ್ತಿದ್ದ ಬೀಡಿಗೆ ನೂಲು ಸುತ್ತಿ ಮೊರದಲ್ಲಿಟ್ಟರು.

“ಅದರಲ್ಲಿ ಅಕ್ಕ ಸಾಯುವುದಿಲ್ಲ ಟೀಚರೇ,” ಎಂದರು.

ಚಿತ್ರ ಆ ಊರಿನಿಂದ ಹೋದ ಮೇಲೆ ಅವರು ಮತ್ತೆ ಚಹಾದಂಗಡಿಗಳಲ್ಲಿ ಕತೆ ಹೇಳತೊಡಗಿದರು. ಈಗ ಜನ ಎದ್ದುಹೋಗುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿಸಿಕೊಂಡೆ. ನಮ್ಮವರು ಮಳೆಯಲ್ಲಿ ಓಡಿಬಂದು ಅಕ್ಕನ ಕಾಲು ಹಿಡಿದದ್ದನ್ನು ಟಾಕೀಸಣ್ಣ ಹೇಳುತ್ತಿದ್ದರು. ಸ್ವರ ಒದ್ದೆಯಾಗಿತ್ತು, ಹಿಂದಿನಂತೆಯೇ. ಸಿನೆಮಾದಲ್ಲಿ ಎಂದು ಒಂದು ಸಲವೂ ಹೇಳಲಿಲ್ಲ. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡರು, ಕಣ್ಣು ತಪ್ಪಿಸಿದರು, ಮುಂದುವರಿಸಿದರು. ಮುಂದಿನ ಮಳೆಗಾಲವನ್ನು ಅವರು ದಾಟಲಿಲ್ಲ.

ಆ ಹಿಂದಿ ಚಿತ್ರ ಈಗ ಎಲ್ಲಿಯೂ ಸಿಗುವುದಿಲ್ಲವಂತೆ. ಕನ್ನಡದ್ದು ಟೀವಿಯಲ್ಲಿ ಆಗಾಗ ಬರುತ್ತಿರುತ್ತದೆ. ದಂಡೆಯವರಲ್ಲಿ ಯಾರೂ ಉಳಿದಿಲ್ಲ, ನನ್ನವರೂ ಇಲ್ಲ. ಮೊನ್ನೆ ಬಸ್ಸಿನಲ್ಲಿ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ, ನಡೆದದ್ದು ನಡೆದ ಹಾಗೆ. ಯಾರಾದರೊಬ್ಬರಿಗೆ ಗೊತ್ತಿರಲಿ ಎಂದು. ಅವಳು ಕೊನೆಯವರೆಗೆ ಕೇಳಿದಳು. ಆಮೇಲೆ, ಆ ಅಕ್ಕ ನೋಡಲು ಹೇಗಿದ್ದರು ಅಜ್ಜಿ, ಎಂದು ಕೇಳಿದಳು.

ಕಣ್ಣು ಮುಚ್ಚಿದೆ. ಬಂದದ್ದು ಆ ಸಿನೆಮಾದ ನಟಿಯ ಮುಖ, ನಗುತ್ತಾ, ಯಾರದೋ ತಲೆ ಸವರುತ್ತಾ. ಅದನ್ನು ಸರಿಸಿ ಮತ್ತೆ ಹುಡುಕಿದೆ. ಮತ್ತೂ ಅದೇ ಬಂತು. ಈ ಕೈಯಲ್ಲೇ ಅವಳಿಗೆ ಗಂಜಿ ಕುಡಿಸಿದ್ದೆ, ತುಟಿ ಒರಸಿದ್ದೆ...

“ನೆನಪಾಗುವುದಿಲ್ಲ ಮಗಾ,” ಎಂದೆ.