ಸೋಸಪ್ಪನ ಮರಳಿಗೆ ಗೊಬ್ಬರ

ನಮ್ಮ ಗೆಳೆಯನನ್ನು ಎಲ್ಲರೂ ಸೋಸಪ್ಪ ಎನ್ನುತ್ತಿದ್ದರು. ನಗರದ ಕೊಳಚೆ ನೀರನ್ನು ಯಂತ್ರಗಳು ಶುದ್ಧ ಮಾಡಿ ಬಿಟ್ಟ ಮೇಲೆ, ಅದನ್ನು ಮಣ್ಣು-ಮರಳಿನ ಮಡಿಗಳಲ್ಲಿ ಇಂಗಿಸುವುದು ಅವನ ಕೆಲಸ. ನೀರಿನಲ್ಲಿ ಉಳಿದ ಗೊಬ್ಬರದ ಸತ್ವ ಅಲ್ಲೇ ಸೋಸಿ ತೆಗೆಯದಿದ್ದರೆ ಕೆಳಗಿನ ಕೆರೆ ಪಾಚಿಗಟ್ಟಿ ಮೀನು ಸಾಯುತ್ತಿದ್ದವು. ಮನೆಯಲ್ಲೂ ಅವನಿಗೆ ಅದೇ ಗೀಳು. ಹೆಂಡತಿ ಬಟ್ಟೆಗೆ ಚಿಟಿಕೆ ಸೋಪಿನ ಪುಡಿ ಹೆಚ್ಚು ಹಾಕಿದರೆ, "ನನ್ನ ಕೆರೆಗೆ ವಿಷ ಹಾಕ್ತೀಯೇನೇ?" ಎಂದು ಕೂಗಾಡುತ್ತಿದ್ದ.

"ಆ ಕೆರೇನೇ ಕಟ್ಕೋಬೇಕಿತ್ತು ನೀವು," ಎನ್ನುತ್ತಿದ್ದಳು ಅವಳು.

ಅವನು ತೀರಿಕೊಂಡ ಮೇಲೆ ಕಚೇರಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಬದುಕಿದ್ದಾಗ ಒಂದು ಹೊಸ ಸಲಿಕೆ ಕೊಡದವರು ಅವನ ನೆನಪಿಗೆ ಹೂದೋಟ ಮಾಡಲು ಹೊರಟರು, ಅದೂ ಅವನ ಮರಳಿನ ಮಡಿಯ ಮೇಲೆಯೇ. ಹೆಂಡತಿ ಬಂದಾಗ ಗುಲಾಬಿ ಗಿಡಗಳ ಪಕ್ಕದಲ್ಲಿ ಗೊಬ್ಬರದ ಮೂಟೆಗಳು ಬಾಯಿ ತೆರೆದು ಕೂತಿದ್ದವು. ಇದೆಲ್ಲ ಮರಳಿನೊಳಗೆ ಇಳಿದರೆ ಗಂಡ ಕಾಯ್ದ ಕೆರೆ ಹಸಿರು ಗಂಜಿಯಾಗುತ್ತಿತ್ತು.

"ಮೊದಲ ಹಿಡಿ ನೀವೇ ಹಾಕಿ, ಅಮ್ಮಾ," ಎಂದರು ಸಾಹೇಬರು, ಫೋಟೋಗೆ ಮುಖ ಬಾಡಿಸಿಕೊಂಡು.

"ಜೀವಮಾನವೆಲ್ಲಾ ಅವರು ನೀರಿಂದ ಗೊಬ್ಬರ ತೆಗೆದ್ರು ಸಾರ್. ಈಗ ಅದನ್ನೇ ಸುರಿಯೋಕೆ ನನ್ನನ್ನ ಕರೆಸಿದ್ರಾ?"

ಸಾಹೇಬರು ಮರಳು ನೋಡಿದರು, ಕೆರೆ ನೋಡಿದರು, ಕ್ಯಾಮೆರಾ ನೋಡಿದರು. "ಮತ್ತೆ ಇಷ್ಟೊಂದನ್ನ ಎಲ್ಲಿ ಹಾಕೋದಮ್ಮಾ?"

"ನಿಮ್ಮ ಕಚೇರಿ ಮುಂದೆ ಹಾಕ್ಕೊಳ್ಳಿ. ಅಲ್ಲಿ ಇವತ್ತಿನವರೆಗೂ ಏನೂ ಬೆಳೆದಿಲ್ಲ."

ಯಾವ ಫೈಲೂ ಇಲ್ಲದೆ ಮೂಟೆಗಳು ಅಂದೇ ಜಾಗ ಖಾಲಿ ಮಾಡಿದವು. ಅವಳು ಕೂತು, ಮರಳ ಮೇಲೆ ಚೆಲ್ಲಿದ್ದ ಗೊಬ್ಬರವನ್ನು ಅವನ ಹಳೇ ಸಲಿಕೆಯಿಂದ ಬಳಿದು ತೆಗೆದಳು.