ಸಾಹೇಬನ ಕುದುರೆ ಹಿಡಿದವನು

ನಾನು ಸಣ್ಣವಳಿದ್ದಾಗ ನಮ್ಮ ಎಸ್ಟೇಟಿನ ಕೂಲಿ ಲೈನಿನ ಯಾವ ಮನೆಯಲ್ಲೂ ಫೋಟೊ ಇರಲಿಲ್ಲ. ಸತ್ತವರ ಮುಖ ಸತ್ತವರ ಜೊತೆಗೇ ಹೋಗುತ್ತಿತ್ತು. ಆನೇಮಹಲ್ ಹತ್ತಿರದ ನಮ್ಮ ತೋಟದ ಬಂಗಲೆಯಲ್ಲಿ ಮಾತ್ರ ಯಾರೋ ಬ್ರಿಟಿಷ್ ದಂಡನಾಯಕನ ಗೋಡೆಯಗಲದ ಬಣ್ಣದ ಚಿತ್ರವಿತ್ತು. ಕೆಂಪು ಕೋಟು, ಹಿರಿದ ಕತ್ತಿ, ಬಿಳಿ ಕುದುರೆ. ತೋಟದ ಹಳೆಯ ಬಿಳಿ ದೊರೆ ಬಿಟ್ಟುಹೋದದ್ದಂತೆ. ತೋಟ ಕೊಂಡ ಸಾವ್ಕಾರರು ಚಿತ್ರದ ಆ ಸಾಹೇಬನನ್ನು ಮನೆದೇವರಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದರು.

ಅವನ ಧೂಳು ಒರೆಸುವುದು ನನ್ನವ್ವನ ಕೆಲಸ. ತಾತ ಹೇಗಿದ್ದ ಎಂದು ಒಮ್ಮೆ ಪೀಡಿಸಿದಾಗ ಅವ್ವ ಚಿತ್ರದ ಮೂಲೆ ತೋರಿಸಿದಳು. ಅಲ್ಲೊಬ್ಬ ಆಳು ಕುದುರೆಯ ಲಗಾಮು ಹಿಡಿದು ನಿಂತಿದ್ದ.

"ಇವ್ನಂಗೇ ಇದ್ದ ಕಣೇ ನಮ್ಮಪ್ಪ. ಇದೇ ಮೂಗು. ಸಾವ್ಕಾರ್ರು ಬಂದ್ರೆ ಹಿಂಗೇ ಕತ್ತು ಬಗ್ಗುಸ್ತಿದ್ದ."

ಅಂದಿನಿಂದ ಸ್ಕೂಲು ಬಿಟ್ಟೊಡನೆ ಓಡಿ ತಾತನನ್ನು ನೋಡಿ ಬರುತ್ತಿದ್ದೆ.

ಆ ವರ್ಷದ ಆಯುಧಪೂಜೆ. ಬಂಗಲೆಯಲ್ಲೆಲ್ಲ ಕೋವಿಯ ಎಣ್ಣೆ, ಒಡೆದ ಬೂದುಗುಂಬಳದ ವಾಸನೆ. ಚಿತ್ರದ ಕತ್ತಿಯೂ ಆಯುಧವೇ ಎಂದು ಅದರ ಚೌಕಟ್ಟಿಗೆ ಕುಂಕುಮ ಇಡುವುದು ಆ ಮನೆಯ ರೂಢಿ. ಸಾಹೇಬನಿಗೆ ಪೂಜೆ, ತಾತನಿಗೆ ಏನೂ ಇಲ್ಲ! ನನಗೆ ರೇಗಿತು. ಸ್ಟೂಲು ಹತ್ತಿ ತಾತನ ಹಣೆಗೇ ಕುಂಕುಮ ಒತ್ತಿದೆ. ಅವ್ವ ನೋಡಿದಳು, ಬೈಯಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಸಾವ್ಕಾರರ ಹೆಂಡತಿ ಬಂದರು. "ಸಾಹೇಬ್ರ ಪಕ್ಕದಾಗೆ ಆಳಿಗೆ ಕುಂಕುಮವೇನೇ? ಒರ್ಸು!"

"ಮಗಾ ತಿಳೀದೆ ಮಾಡ್ಬುಟ್ಟೈತೆ, ಅಮ್ಮೋರೆ."

ಒದ್ದೆ ಬಟ್ಟೆಗೆ ಕಲೆ ಹೋಗಲಿಲ್ಲ. ಅವ್ವ ಹಿತ್ತಾಳೆ ತಿಕ್ಕುವ ಹುಣಸೆಹಣ್ಣು ತಂದು ತಿಕ್ಕಿದಳು. ಕುಂಕುಮದ ಜೊತೆ ಹಣೆಯ ಬಣ್ಣವೂ ಎದ್ದಿತು. ಅವಳ ಕೈ ನಿಂತಿತು.

"ಇನ್ನೂ ಕೆಂಪಗೈತೆ, ತಿಕ್ಕು."

ಅವ್ವ ತಿಕ್ಕಿದಳು. ಮೂಗು ಹೋಯಿತು, ಕಣ್ಣು ಹೋಯಿತು, ಬಣ್ಣದಡಿಯ ಕ್ಯಾನ್ವಾಸ್ ಬಟ್ಟೆ ಕಂಡಿತು. ತನ್ನಪ್ಪನ ಮುಖವನ್ನು ತನ್ನ ಕೈಯಿಂದಲೇ ಅಳಿಸಿ, ಅವಳು ಕಡಲೆಪುರಿ ಹಂಚಲು ಹೋದಳು. ನಾನು ತಿನ್ನಲಿಲ್ಲ. ಸಾವ್ಕಾರರ ಹೆಂಡತಿಯನ್ನೂ ನನ್ನನ್ನೂ ನಾನು ಇಂದಿಗೂ ಕ್ಷಮಿಸಿಲ್ಲ.

ಬಂಗಲೆ ಈಗ ಹೋಮ್‌ಸ್ಟೇ. ಹೋದ ತಿಂಗಳು ಹೋಗಿದ್ದೆ. ಅದನ್ನು ನೋಡಿಕೊಳ್ಳುವವನು ಆ ಚಿತ್ರವನ್ನು ಹೆಮ್ಮೆಯಿಂದ ತೋರಿಸಿದ: "ರಿಪೇರಿ ಮಾಡ್ಸವ್ರೆ ಕಣಕ್ಕ. ಸಾಹೇಬ್ನ ಮೀಸೆ ಒಂದೊಂದು ಕೂದ್ಲೂ ಕಾಣ್ತೈತೆ."

ತಾತ ನಿಂತಿದ್ದ ಜಾಗಕ್ಕೆ ಪೊದೆ ಬರೆದಿದ್ದರು. ಪೊದೆಯಿಂದ ಒಂದು ಕೈ ಮಾತ್ರ ಹೊರಬಂದು ಲಗಾಮು ಹಿಡಿದಿತ್ತು.

ಅವ್ವ ತೀರಿಹೋಗಿ ಎರಡು ವರ್ಷ. ತಾತನ ಮೂಗು ಹೇಗಿತ್ತು ಎಂದು ಹೇಳುವವರು ಯಾರೂ ಉಳಿದಿಲ್ಲ. ನೆನಪಿಸಿಕೊಳ್ಳಲು ನಾನು ಕಣ್ಣು ಮುಚ್ಚಿದರೆ ಸಾಹೇಬನ ಮುಖವೇ ಬರುತ್ತದೆ.